ಸಪ್ಪಳ ಯಾವ ಕಡೆಯಿಂದ?

ಹೊಸಪೇಟೆ ಹಾಯ್ದು ಬಳ್ಳಾರಿಗೆ ಹೋಗುವ ಹೆದ್ದಾರಿಗೆ ಹಳೆಯ ಲೆಕ್ಕದಲ್ಲಿ 63 ಅಂತ ನಂಬರು. ಅದು ಶುರುವಾಗುವುದು ಅಂಕೋಲದಲ್ಲಿ. ಅಂಕೋಲದ ಮಗ್ಗುಲಲ್ಲೇ ಬೇಲೆಕೇರಿ ಬಂದರು. 2010ಕ್ಕೆ ಹಿಂದಿನ ಕೆಲವು ವರ್ಷ ಸಂಡೂರು ಗುಡ್ಡದ ಅದಿರು ಈ ದಾರಿ ಹಿಡಿದು ಕಡಲು ಸೇರಿದ ಕತೆಯನ್ನು ಇತ್ತ ಕಡೆಯವರಿಗೆ ಮತ್ತೆ ಹೇಳಬೇಕಿಲ್ಲ. ರಾತ್ರಿಯಿಡೀ ಟಿಪ್ಪರುಗಳ ಸಾಲು, ಬೇವಿನೆಲೆಯ ಮೇಲೂ ಕೆಂಪು ಧೂಳು, ಕಿಟಕಿ ಗಾಜು ಅದುರುವ ಸದ್ದು. ಜುಲೈ 2010ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು, ರಸ್ತೆ ತಣ್ಣಗಾಯಿತು.

ಆ ಗದ್ದಲದಲ್ಲಿ ನಮಗೆ ಕೇಳಿಸಿದ್ದು ನೆಲದ ಮೇಲಿನದು ಮಾತ್ರ. ಅದಿರು ನೀರಿಗಿಳಿದ ಮೇಲೂ ಸಪ್ಪಳ ಮಾಡುತ್ತಿತ್ತು. ದೊಡ್ಡ ಹಡಗು ದಂಡೆಗೆ ಬಂದು ನಿಲ್ಲುವಷ್ಟು ಆಳ ಬೇಲೆಕೇರಿಯಲ್ಲಿಲ್ಲ. ಬಾರ್ಜುಗಳು ಅದಿರು ಹೊತ್ತು ಆಚೆ ಲಂಗರು ಹಾಕಿದ ಹಡಗಿಗೆ ಹೋಗಿ ಸುರಿದು ಬರಬೇಕು, ಮತ್ತೆ ಹೋಗಬೇಕು. ಬಾರ್ಜಿನ ಎಂಜಿನ್ನು, ಹಡಗಿನ ಜನರೇಟರು, ಲಂಗರಿನ ಸರಪಳಿ, ಕೊನೆಗೆ ತುಂಬಿದ ಹಡಗು ಹೊರಟಾಗ ಅದರ ಪ್ರೊಪೆಲ್ಲರು ಎಲ್ಲವೂ ನೀರೊಳಗೆ ಸದ್ದು ಚೆಲ್ಲುತ್ತವೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ ನೀರಿನಲ್ಲಿ 1500 ಮೀಟರ್ ಓಡುತ್ತದೆ. ಓಡುವ ದೂರವೂ ಬಹಳ ಹೆಚ್ಚು. ಬೆಳಕು ನೂರಿನ್ನೂರು ಮೀಟರಿನಲ್ಲಿ ಸತ್ತುಹೋಗುವ ಕಡಲಿನಲ್ಲಿ ಮೀನಿಗೂ ತಿಮಿಂಗಿಲಕ್ಕೂ ಸಬ್‌ಮೆರೀನಿಗೂ ದೂರದ ಸುದ್ದಿ ತರುವುದು ಸದ್ದೊಂದೇ. ಸಂಡೂರಿನ ಕೆಂಪು ಗುಡ್ಡಕ್ಕೂ ಅರಬ್ಬಿ ಸಮುದ್ರದ ತಳದ ಗದ್ದಲಕ್ಕೂ ನಂಟು ಇರುವುದು ಹೀಗೆ.

ಕಡಲಿನೊಳಗೆ ಎಷ್ಟು ಸದ್ದಿದೆ ಎಂದು ಕೇಳಿದರೆ ಒಂದು ಅಂಕಿ ಹೇಳಿ ಮುಗಿಸುವ ಚಟ ನಮಗಿದೆ. ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ: ಹಡಗಿನ ಸದ್ದು 180 ಡೆಸಿಬಲ್, ಜೆಟ್ ವಿಮಾನಕ್ಕಿಂತ ಜೋರು. ಇದು ತಪ್ಪು ಲೆಕ್ಕ. ನೀರಿನ ಡೆಸಿಬಲ್ಲಿಗೂ ಗಾಳಿಯ ಡೆಸಿಬಲ್ಲಿಗೂ ಅಳತೆಯ ಸೊನ್ನೆ ಬೇರೆ ಬೇರೆ. ನೀರಿನಲ್ಲಿ 1 ಮೈಕ್ರೊಪಾಸ್ಕಲ್ ಒತ್ತಡವನ್ನು ಆಧಾರವಾಗಿ ಹಿಡಿಯುತ್ತಾರೆ, ಗಾಳಿಯಲ್ಲಿ 20. ನೀರು ಗಾಳಿಗಿಂತ ಬಹಳ ಗಟ್ಟಿಯಾದ ಮಾಧ್ಯಮ ಎನ್ನುವುದನ್ನೂ ಸೇರಿಸಿದರೆ ಎರಡರ ನಡುವೆ ಸುಮಾರು 62 ಡೆಸಿಬಲ್ ಅಂತರ ಬೀಳುತ್ತದೆ. ಅದನ್ನು ಕಳೆಯದೆ ಹೋಲಿಸಿದರೆ ಕಡಲಿನ ತುಂಬ ಜೆಟ್ ವಿಮಾನಗಳು ಹಾರಾಡುತ್ತವೆ.

ಅಂಕಿ ಸರಿ ಮಾಡಿಕೊಂಡರೂ ಅಸಲು ತೊಂದರೆ ಹಾಗೇ ಉಳಿಯುತ್ತದೆ. ಆಳವಿಲ್ಲದ ಕಡಲಿನ ಸದ್ದು ಗಂಟೆಗೊಂದು ಥರ, ತಿಂಗಳಿಗೊಂದು ಥರ, ದಿಕ್ಕಿಗೊಂದು ಥರ. ಯಾವ ಹೊತ್ತಿನಲ್ಲಿ, ಯಾವ ಕಡೆಯಿಂದ ಎಂದು ಕೇಳದೆ ಎಷ್ಟು ಎಂದಷ್ಟೇ ಕೇಳಿದರೆ ಬರುವ ಉತ್ತರಕ್ಕೆ ಹೆಚ್ಚಿನ ಬೆಲೆಯಿಲ್ಲ ಅನ್ನುವುದು ನನ್ನ ವಾದ.

ಮೊದಲು ಸದ್ದು ಮಾಡುವವರು ಯಾರು ಎಂದು ನೋಡೋಣ. ಎರಡನೇ ಮಹಾಯುದ್ಧದ ಹೊತ್ತಿಗೆ ಸಬ್‌ಮೆರೀನುಗಳನ್ನು ಕಿವಿಯಿಂದ ಹುಡುಕುವ ಕೆಲಸ ಜೋರಾಗಿತ್ತು. ಆಗ ಕೂಡಿಹಾಕಿದ ಅಳತೆಗಳನ್ನು ನೂಡ್ಸೆನ್ ಮತ್ತು ಜೊತೆಗಾರರು 1948ರಲ್ಲಿ ಪ್ರಕಟಿಸಿದರು. 1962ರಲ್ಲಿ ಗಾರ್ಡನ್ ವೆಂಜ್ ಎಂಬ ಅಮೆರಿಕದ ವಿಜ್ಞಾನಿ ಇಡೀ ಕಡಲಿನ ಸದ್ದನ್ನು ಒಂದೇ ನಕ್ಷೆಗೆ ಇಳಿಸಿದ. ಇವತ್ತಿಗೂ ಈ ವಿದ್ಯೆಯ ಹುಡುಗರು ಮೊದಲು ಕಲಿಯುವುದು ಆ ನಕ್ಷೆಯನ್ನೇ. ಮಂದ್ರದಲ್ಲಿ, ಅಂದರೆ ಸುಮಾರು 10ರಿಂದ ಕೆಲವು ನೂರು ಹರ್ಟ್ಸ್‌ವರೆಗೆ, ದೂರದ ಹಡಗುಗಳದ್ದೇ ರಾಜ್ಯಭಾರ. ಅದರ ಮೇಲೆ ಹತ್ತಾರು ಸಾವಿರ ಹರ್ಟ್ಸ್‌ವರೆಗೆ ಗಾಳಿಯದು. ಇನ್ನೂ ಮೇಲೆ ಹೋದರೆ ನೀರಿನ ಅಣುಗಳೇ ಬಿಸಿಗೆ ಕುಣಿಯುವ ಸದ್ದು.

ಗಾಳಿಗೆ ವೆಂಜ್ ಒಂದು ಸುಲಭದ ಐದರ ಸೂತ್ರ ಕೊಟ್ಟ. 500ರಿಂದ 5000 ಹರ್ಟ್ಸ್ ನಡುವೆ ಕಂಪನ ಇಮ್ಮಡಿಯಾದಾಗಲೆಲ್ಲ ಸದ್ದು 5 ಡೆಸಿಬಲ್ ಇಳಿಯುತ್ತದೆ. ಗಾಳಿಯ ವೇಗ ಇಮ್ಮಡಿಯಾದಾಗಲೆಲ್ಲ 5 ಡೆಸಿಬಲ್ ಏರುತ್ತದೆ. ಆಳದ ಕಡಲಿಗಿಂತ ಆಳವಿಲ್ಲದ ಕಡಲಿನಲ್ಲಿ 5 ಡೆಸಿಬಲ್ ಹೆಚ್ಚು. ಬಾಯಿಪಾಠಕ್ಕೆ ಇಷ್ಟು ಸಾಕು, ಆದರೆ ಕರಾವಳಿಗೆ ಬಂದರೆ ಈ ಸೂತ್ರ ಬಹಳ ಸಲ ಕೈಕೊಡುತ್ತದೆ.

ಗಾಳಿ ಬೀಸಿದರೆ ನೀರೊಳಗೆ ಯಾಕೆ ಸದ್ದಾಗಬೇಕು? ಗುಳ್ಳೆಗಳಿಂದ. ಅಲೆ ಮುರಿದು ಬಿದ್ದಾಗ ಗಾಳಿ ನೀರೊಳಗೆ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಹುಟ್ಟಿದ ಕ್ಷಣದಲ್ಲಿ ಪ್ರತಿ ಗುಳ್ಳೆಯೂ ಹಿಗ್ಗಿ ಕುಗ್ಗಿ ತನ್ನದೇ ಒಂದು ಸ್ವರ ಹೊರಡಿಸುತ್ತದೆ. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆಯ ಸ್ವರ ಸುಮಾರು 3,260 ಹರ್ಟ್ಸ್. ಗುಳ್ಳೆ ಎರಡು ಪಟ್ಟು ದೊಡ್ಡದಾದರೆ ಸ್ವರ ಅರ್ಧಕ್ಕೆ ಇಳಿಯುತ್ತದೆ. ಹರಿವ ನೀರು ಯಾಕೆ ಹಾಡುತ್ತದೆ ಎಂಬ ಈ ಲೆಕ್ಕವನ್ನು 1933ರಲ್ಲಿ ಬಿಡಿಸಿದವನು ಮಾರ್ಸೆಲ್ ಮಿನ್ನಾರ್ಟ್. ಅವನು ಡಚ್ಚರ ಖಗೋಳ ವಿಜ್ಞಾನಿ, ಕೆಲಸ ಸೂರ್ಯನ ಮೇಲೆ, ಕಿವಿ ತೊರೆಯ ಮೇಲೆ. ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟುಗಳಿಂದ ನೀರು ಧುಮುಕುವಾಗ ಎದೆಗೇ ತಾಗುವ ಮೊರೆತದ ಹಿಂದೆಯೂ ಇದೇ ಗುಳ್ಳೆಗಳಿವೆ. 10 ಆಗಸ್ಟ್ 2024ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದಾಗ, ಹೊಳೆದಂಡೆಯ ಊರುಗಳವರು ಕೇಳಿದ್ದು ಅದನ್ನೇ.

ಮಳೆಯದು ಇನ್ನೂ ಸೋಜಿಗ. ಭಾರಿ ಮಳೆ ಜಾಸ್ತಿ ಸದ್ದು ಮಾಡಬೇಕು ಅಂತ ನಮ್ಮ ಊಹೆ. ಒಟ್ಟು ಲೆಕ್ಕದಲ್ಲಿ ಅದು ನಿಜವೇ. ಆದರೆ ತುಂತುರು ಮಳೆಗೆ ಅದರದೇ ಒಂದು ಗುರುತಿದೆ. ಸುಮಾರು 1 ಮಿಲಿಮೀಟರ್ ಗಾತ್ರದ ಸಣ್ಣ ಹನಿ ಬಿದ್ದಾಗ ಹೆಚ್ಚುಕಮ್ಮಿ ಪ್ರತಿ ಸಲವೂ ಒಂದೇ ಅಳತೆಯ ಗುಳ್ಳೆ ಹುಟ್ಟುತ್ತದೆ. ಹಾಗಾಗಿ 14–15 ಸಾವಿರ ಹರ್ಟ್ಸಿನ ಹತ್ತಿರ ಒಂದು ಚೂಪಾದ ಶಿಖರ ಏಳುತ್ತದೆ. ಗಾಳಿ ಬಿರುಸಾದರೆ ಹನಿ ಓರೆಯಾಗಿ ಬೀಳುತ್ತದೆ, ಗುಳ್ಳೆ ಸರಿಯಾಗಿ ಕಟ್ಟುವುದಿಲ್ಲ, ಶಿಖರ ಮೊಂಡಾಗುತ್ತದೆ. ಕಡಲತಳದಲ್ಲಿ ಕೂತ ಹೈಡ್ರೋಫೋನು, ಅಂದರೆ ನೀರಿನ ಮೈಕು, ಮೇಲೆ ಬೀಳುತ್ತಿರುವುದು ತುಂತುರೋ ಜಡಿಮಳೆಯೋ ಎಂದು ಹೇಳಬಲ್ಲದು.

ಇನ್ನು ಸಿಗಡಿ. ಯುದ್ಧಕಾಲದಲ್ಲಿ ಅಮೆರಿಕದ ಹೈಡ್ರೋಫೋನುಗಳಿಗೆ ಬೆಚ್ಚಗಿನ, ಆಳವಿಲ್ಲದ, ಬಂಡೆ-ಹವಳದ ಜಾಗಗಳಲ್ಲೆಲ್ಲ ಒಂದೇ ಸಮನೆ ಚಟಪಟ ಕೇಳಿಸುತ್ತಿತ್ತು. ಕೇಳಿದವರು ತಬ್ಬಿಬ್ಬಾದರು. ಸ್ಯಾನ್ ಡಿಯಾಗೊದ ಸಂಶೋಧಕರು ಬೆನ್ನುಹತ್ತಿ ನೋಡಿದರೆ ಸಿಕ್ಕಿದ್ದು ಬೆರಳುದ್ದದ ಸಿಗಡಿ. ಒಂದು ಚಿಮಟ ದೊಡ್ಡದು, ಒಂದು ಚಿಕ್ಕದು. ದೊಡ್ಡ ಚಿಮಟ ಫಟ್ಟನೆ ಮುಚ್ಚಿದಾಗ ಬರುವ ಸದ್ದದು ಎಂದು ಅರ್ಧ ಶತಮಾನ ಎಲ್ಲರೂ ನಂಬಿದ್ದರು. 2000ದಲ್ಲಿ ನೆದರ್ಲೆಂಡ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು ವೇಗದ ಕ್ಯಾಮೆರಾ ಹಿಡಿದು ನೋಡಿದರು. ಚಿಮಟ ಮುಚ್ಚಿದ ರಭಸಕ್ಕೆ ನೀರಿನ ಸಣ್ಣ ಜೆಟ್ ಚಿಮ್ಮುತ್ತದೆ. ಅದರ ಹಿಂದೆ ಒತ್ತಡ ಕುಸಿದು ಒಂದು ಗುಳ್ಳೆ ಉಬ್ಬುತ್ತದೆ. ಆ ಗುಳ್ಳೆ ಕುಸಿದು ಬೀಳುವಾಗ ಸದ್ದು ಹುಟ್ಟುತ್ತದೆ. ಅಲ್ಲಿಯೂ ಗುಳ್ಳೆಯೇ! ಕುಸಿಯುವ ಕ್ಷಣದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕೂ ಮಿನುಗುತ್ತದೆ ಎಂದು ಮರುವರ್ಷ ಗೊತ್ತಾಯಿತು. ಈ ಸಿಗಡಿಗಳ ಗದ್ದಲ 2000 ಹರ್ಟ್ಸ್‌ನಿಂದ ಶುರುವಾಗಿ ನಮ್ಮ ಕಿವಿಗೆ ನಿಲುಕದ ಎತ್ತರಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಮುಸ್ಸಂಜೆ, ನಸುಕಿನಲ್ಲಿ ಏರುತ್ತದೆ. ವೆಂಜ್‌ನ ಗಾಳಿ ಸೂತ್ರ ಉಷ್ಣವಲಯದ ಕರಾವಳಿಯಲ್ಲಿ ಕೈಕೊಡುವುದಕ್ಕೆ ಇವೇ ಮೊದಲ ಕಾರಣ. ಗಾಳಿ ಬಿದ್ದುಹೋದರೂ ಸದ್ದು ಇಳಿಯುವುದಿಲ್ಲ.

ಹಡಗಿನ ಸದ್ದಿನ ಮೂಲವೂ ಬಹುಮಟ್ಟಿಗೆ ಗುಳ್ಳೆಯೇ. ಪ್ರೊಪೆಲ್ಲರಿನ ರೆಕ್ಕೆ ನೀರನ್ನು ಸೀಳುವಾಗ ಒತ್ತಡ ಬಿದ್ದು ಗುಳ್ಳೆಗಳೆದ್ದು ಒಡೆಯುತ್ತವೆ. ನಿಮಿಷಕ್ಕೆ 90 ಸುತ್ತು ತಿರುಗುವ ನಾಲ್ಕು ರೆಕ್ಕೆಯ ಪ್ರೊಪೆಲ್ಲರ್ ಸೆಕೆಂಡಿಗೆ 6 ಸಲ ಬಡಿಯುತ್ತದೆ. ಆ ಆರರ ಮಗ್ಗಿಯಲ್ಲಿ 12, 18, 24 ಎಂದು ಸ್ವರಗಳು ಮೇಲೇಳುತ್ತವೆ. ಮೇಲಿಂದ ಗುಳ್ಳೆಗಳ ಭೋರ್ಗರೆತ, ಅದರ ಬಿರುಸು 50ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ.

ಆಳವಿಲ್ಲದ ನೀರು ತನ್ನ ಆಟ ತೋರಿಸುವುದು ಇಲ್ಲಿ. ಸದ್ದು ದೂರ ಹೋಗಬೇಕಾದರೆ ಅದರ ಅಲೆಗೆ ಮೇಲ್ಮೈ ಮತ್ತು ತಳದ ನಡುವೆ ಹಿಡಿಸುವಷ್ಟು ಜಾಗ ಬೇಕು. ತಳ ಗಟ್ಟಿ ಬಂಡೆಯಾದರೆ ಲೆಕ್ಕ ಸುಲಭ: 1500ನ್ನು ಆಳದ ನಾಲ್ಕರಷ್ಟರಿಂದ ಭಾಗಿಸಿ. ಬಂದ ಅಂಕಿಗಿಂತ ಕೆಳಗಿನ ಸ್ವರ ಆ ನೀರಿನಲ್ಲಿ ದೂರ ಸಾಗುವುದಿಲ್ಲ. 20 ಮೀಟರ್ ಆಳಕ್ಕೆ ಅದು ಸುಮಾರು 19 ಹರ್ಟ್ಸ್. ತಳ ಮರಳಾದರೆ ಸದ್ದು ಮರಳಿನೊಳಕ್ಕೂ ಸೋರುವುದರಿಂದ ಈ ಮಿತಿ 45ರ ಹತ್ತಿರಕ್ಕೆ ಏರುತ್ತದೆ. 10 ಮೀಟರ್ ಆಳದ ಮರಳು ತಳದಲ್ಲಿ 90. ಯುರೋಪಿನವರು ತಮ್ಮ ಕಡಲಿನ ಹಡಗು ಸದ್ದನ್ನು ಅಳೆಯಲು 63 ಮತ್ತು 125 ಹರ್ಟ್ಸಿನ ಎರಡು ಪಟ್ಟಿಗಳನ್ನು ಆರಿಸಿಕೊಂಡು ವರ್ಷದ ಸರಾಸರಿ ತೆಗೆಯುತ್ತಾರೆ. ಅದನ್ನೇ ತಂದು ದಂಡೆಯ ಹತ್ತಿರದ 10 ಮೀಟರ್ ನೀರಿನಲ್ಲಿ ಇಟ್ಟರೆ 63ರ ಪಟ್ಟಿಯಲ್ಲಿ ದೂರದ ಹಡಗು ಕೇಳಿಸುವುದೇ ಇಲ್ಲ. ಮೀಟರು ಕಡಿಮೆ ತೋರಿಸುತ್ತದೆ, ನಾವು ಕಡಲು ಶಾಂತವಾಗಿದೆ ಎಂದು ವರದಿ ಬರೆಯುತ್ತೇವೆ. ನಮ್ಮ ಕರಾವಳಿಯಲ್ಲಿ ದಂಡೆಯ ಕಡೆಯ ತಳ ಬಹುತೇಕ ಕೆಸರು, ಆಚೆ ಹೋದಂತೆ ಮರಳು. ಕೆಸರು ಸದ್ದನ್ನು ಇನ್ನೂ ಹೆಚ್ಚು ನುಂಗುತ್ತದೆ. ಯುರೋಪಿನ ನಿಯಮ ಎಂದಾಕ್ಷಣ ಎರವಲು ತರುವವರು ತಳಕ್ಕೊಮ್ಮೆ ಕೋಲು ಹಾಕಿ ನೋಡುವುದು ಒಳ್ಳೆಯದು.

ಈಗ ದಿಕ್ಕಿನ ಮಾತು. ಕಂಪ್ಲಿಯ ಬಳಿ ತುಂಗಭದ್ರೆಯಲ್ಲಿ ಈಜಿದವರಿಗೆ ಇದು ಗೊತ್ತಿರುತ್ತದೆ. ನೀರೊಳಗೆ ಮುಳುಗಿದಾಗ ಯಾರೋ ಎರಡು ಕಲ್ಲು ಬಡಿದರೆ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಯಾವ ಕಡೆಯಿಂದ ಅಂತ ಗೊತ್ತಾಗುವುದಿಲ್ಲ. ತಲೆಯೊಳಗೇ ಬಡಿದಂತಾಗುತ್ತದೆ. ಗಾಳಿಯಲ್ಲಿ ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಸ್ವಲ್ಪ ಕಡಿಮೆ ತಡವಾಗಿ ಮುಟ್ಟುತ್ತದೆ. ಮಿದುಳು ಆ ತಡದಿಂದ ದಿಕ್ಕು ತೂಗುತ್ತದೆ. ನೀರಿನಲ್ಲಿ ಸದ್ದಿನ ವೇಗ ನಾಲ್ಕೂವರೆ ಪಟ್ಟು ಹೆಚ್ಚಾಗುವುದರಿಂದ ಆ ತಡ ಅಷ್ಟೇ ಪಟ್ಟು ಕುಗ್ಗುತ್ತದೆ. ಮೇಲಾಗಿ ಸದ್ದು ಕಿವಿಯ ದಾರಿ ಕಾಯದೆ ತಲೆಬುರುಡೆಯಿಂದಲೇ ನುಗ್ಗುತ್ತದೆ. ಸುಮಾರು 1490ರಲ್ಲಿ ಲಿಯೊನಾರ್ಡೊ ಡಾ ವಿಂಚಿ ನೀರಿಗೊಂದು ಕೊಳವೆ ಇಳಿಸಿ ಇನ್ನೊಂದು ತುದಿಗೆ ಕಿವಿಕೊಟ್ಟರೆ ದೂರದ ಹಡಗು ಕೇಳುತ್ತದೆ ಎಂದು ಬರೆದಿಟ್ಟ. ಅವನ ಕೊಳವೆಗೂ ಇದೇ ಕೊರತೆ. ಹಡಗು ಇದೆ ಎಂದು ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ.

ಒಂದೇ ಹೈಡ್ರೋಫೋನ್ ಇಟ್ಟವರೂ ಅದೇ ಸ್ಥಿತಿಯಲ್ಲಿರುತ್ತಾರೆ. ಇದಕ್ಕೆ ಪರಿಹಾರ ಏನೆಂದು ತಿಳಿಯಬೇಕಾದರೆ ಹಂಪಿಗೆ ಹೋಗಿ. ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲ ಕೋಣೆಯಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ಶಾಲೆಯ ಟೂರಿನಲ್ಲಿ ನೋಡದವರು ಯಾರು? ಹಗಲ ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ. ಬಾಗಿಲು ಪೂರ್ತಿ ತೆರೆದರೆ ಎಲ್ಲ ಕಿರಣಗಳೂ ಎಲ್ಲ ಕಡೆ ಬಿದ್ದು ಗೋಡೆ ಬೆಳ್ಳಗಾಗುತ್ತದೆ, ಗೋಪುರ ಮಾಯ. ಸಣ್ಣ ಕಿಂಡಿ ಮಾಡುವ ಕೆಲಸ ಒಂದೇ: ಯಾವ ದಿಕ್ಕಿನ ಕಿರಣ ಯಾವ ಜಾಗಕ್ಕೆ ಎಂದು ಬೇರೆ ಬೇರೆ ಮಾಡುವುದು. ದಿಕ್ಕು ಬಿಡಿಸಿದ ಕೂಡಲೇ ಬರೀ ಬೆಳಕಾಗಿದ್ದದ್ದು ಚಿತ್ರವಾಗುತ್ತದೆ. ನೀರಿನಲ್ಲಿ ಈ ಕಿಂಡಿಯ ಕೆಲಸ ಮಾಡುವುದು ಹೈಡ್ರೋಫೋನುಗಳ ಸಾಲು. ಒಂದು ಹಗ್ಗಕ್ಕೆ ಹತ್ತಾರು ಕಟ್ಟಿ ಇಳಿಸುತ್ತಾರೆ. ಸದ್ದು ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಮುಟ್ಟಿತು ಎಂಬ ತಡಗಳನ್ನು ಕೂಡಿ ಕಳೆದು ಕಂಪ್ಯೂಟರು ದಿಕ್ಕು ಬಿಡಿಸುತ್ತದೆ.

ಇದು ಬರೀ ಉಪಮೆಯಲ್ಲ. 1992ರಲ್ಲಿ ಮೈಕಲ್ ಬಕಿಂಗ್‌ಹ್ಯಾಮ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಹೇಳಿದ್ದು ಇದನ್ನೇ: ಕಡಲಿನ ಸುತ್ತಲಿನ ಸದ್ದನ್ನು ಹಗಲ ಬೆಳಕಿನಂತೆ ಬಳಸಬಹುದು, ನಾವೇ ಸದ್ದು ಬಿಡದೆ ವಸ್ತುಗಳ ಚಿತ್ರ ತೆಗೆಯಬಹುದು. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಅಂಥ ಯಂತ್ರ ಕಟ್ಟಿ ತೋರಿಸಿದರು. ಆಮೇಲೆ ಸಿಂಗಪುರದಲ್ಲಿ ಮಂದಾರ್ ಚಿತ್ರೆ ಮತ್ತು ಅವರ ತಂಡ ಸಿಗಡಿಗಳ ಚಟಪಟವನ್ನೇ ಬೆಳಕು ಮಾಡಿಕೊಂಡು ಚಿತ್ರ ತೆಗೆದರು. ನೀರೊಳಗೆ ಸದ್ದಿನಿಂದ ವಸ್ತು ಹುಡುಕುವ ಸೋನಾರಿನವರು ಶಪಿಸುವ ಗದ್ದಲವೇ ಇವರಿಗೆ ದೀಪ.

ಸಾಲು ಎಷ್ಟು ಉದ್ದವಿರಬೇಕು ಎಂಬಲ್ಲಿ ಆಳವಿಲ್ಲದ ಕಡಲು ಮತ್ತೆ ಅಡ್ಡ ಬರುತ್ತದೆ. ಎರಡು ಹೈಡ್ರೋಫೋನುಗಳ ನಡುವಿನ ಅಂತರ ಅಲೆಯ ಅರ್ಧದಷ್ಟಿರಬೇಕು ಎಂಬುದು ನಿಯಮ. 1000 ಹರ್ಟ್ಸಿನ ಅಲೆ ಒಂದೂವರೆ ಮೀಟರ್, ಅಂತರ 75 ಸೆಂಟಿಮೀಟರ್, ಹತ್ತು ಕಟ್ಟಿದರೂ ಏಳು ಮೀಟರಿನ ಹಗ್ಗ ಸಾಕು. ಹಡಗಿನ 100 ಹರ್ಟ್ಸಿಗೆ ಅಲೆ 15 ಮೀಟರ್, ಅಂತರ ಏಳೂವರೆ, ಹತ್ತಕ್ಕೆ 67 ಮೀಟರಿಗೂ ಹೆಚ್ಚು ಹಗ್ಗ ಬೇಕು. 20 ಮೀಟರ್ ನೀರಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸುವುದು ಎಲ್ಲಿಂದ ಬಂತು? ತಳದ ಮೇಲೆ ಮಲಗಿಸಬೇಕು. ಮಲಗಿಸಿದ ನೇರ ಸಾಲಿಗೆ ಎಡ ಬಲ ತಿಳಿಯುವುದಿಲ್ಲ. ಸದ್ದು 30 ಡಿಗ್ರಿ ಎಡಕ್ಕಿದ್ದರೂ ಬಲಕ್ಕಿದ್ದರೂ ತಡಗಳು ಒಂದೇ. ಕರಾವಳಿಯಲ್ಲಿ ಮಾತ್ರ ಒಂದು ಅನುಕೂಲ ಉಂಟು. ದಂಡೆಗೆ ಸಮಾನಾಂತರವಾಗಿ ಹಾಸಿದರೆ ಒಂದು ಮಗ್ಗುಲಲ್ಲಿ ನೆಲ. ಅತ್ತಲಿಂದ ಅಲೆ ಒಡೆಯುವ ಸದ್ದು ಬಂದೀತೇ ಹೊರತು ಹಡಗಂತೂ ಬರುವುದಿಲ್ಲ.

ಹೀಗೆ ದಿಕ್ಕು ಬಿಡಿಸಿದರೆ ಕಾಣುವುದೇನು? ಗಾಳಿ ಮಳೆಗಳ ಸದ್ದು ಮೇಲಿನಿಂದ, ಕಡಿದಾಗಿ ಇಳಿಯುತ್ತದೆ. ದೂರದ ಹಡಗಿನದು ಅಡ್ಡಡ್ಡ ಬರುತ್ತದೆ, ಯಾಕೆಂದರೆ ಕಡಿದಾಗಿ ಹೊರಟ ಕಿರಣ ನೂರಾರು ಸಲ ತಳಕ್ಕೆ ಬಡಿದು ದಾರಿಯಲ್ಲೇ ಸೊರಗುತ್ತದೆ. ಸಿಗಡಿಯದು ಬಂಡೆಗಳಿರುವ ಕಡೆಯಿಂದ. ತಳದಿಂದ ಪುಟಿದು ಬಂದ ಸದ್ದನ್ನು ಮೇಲಿನಿಂದ ಬಂದದ್ದರ ಜೊತೆ ಹೋಲಿಸಿದರೆ ತಳ ಎಷ್ಟು ನುಂಗಿತು ಎಂದು ತಿಳಿಯುತ್ತದೆ. ಅಲ್ಲಿರುವುದು ಕೆಸರೋ ಮರಳೋ ಬಂಡೆಯೋ ಎಂದು ತೋಡದೆಯೇ ಹೇಳಬಹುದು. ಬೇಸಿಗೆಯಲ್ಲಿ ಇನ್ನೊಂದು ವಿಚಿತ್ರ. ಮೇಲಿನ ನೀರು ಕಾದು ಕೆಳಗಿನದು ತಂಪಾಗಿದ್ದರೆ ಸದ್ದಿನ ದಾರಿ ಕೆಳಕ್ಕೆ ಬಾಗುತ್ತದೆ. ಆಗ ಕೆಳಗಿನ ಹೈಡ್ರೋಫೋನಿಗೆ ತೀರ ಅಡ್ಡಡ್ಡ ಬರುವ ಕಿರಣಗಳಲ್ಲಿ ಮೇಲ್ಮೈಯಿಂದ ಹೊರಟವು ಒಂದೂ ಇರುವುದಿಲ್ಲ. ಅಡ್ಡ ದಿಕ್ಕಿನಲ್ಲಿ ಒಂದು ಸದ್ದಿಲ್ಲದ ಸಂದಿ ಬೀಳುತ್ತದೆ. ಬೇಟೆಯ ಸಬ್‌ಮೆರೀನ್ ಕಿವಿಗೊಡುವುದು ಆ ಸಂದಿಗೇ. ಕಾರವಾರದ ಪಕ್ಕ 2005ರಿಂದ ಐಎನ್ಎಸ್ ಕದಂಬ ನೌಕಾನೆಲೆ ಇದೆ, ಕೊಚ್ಚಿಯಲ್ಲಿ ನೌಕಾಪಡೆಗೆ ಸೋನಾರ್ ರೂಪಿಸುವ ಎನ್‌ಪಿಒಎಲ್ ಪ್ರಯೋಗಾಲಯ ಇದೆ, ಆ ಸೋನಾರುಗಳನ್ನು ಕಟ್ಟುವುದು ನಮ್ಮ ಬೆಂಗಳೂರಿನ ಬಿಇಎಲ್. ಸದ್ದಿನ ದಿಕ್ಕಿನ ಲೆಕ್ಕ ಇವರಿಗೆಲ್ಲ ಅನ್ನದ ಪ್ರಶ್ನೆ. ಎನ್‌ಪಿಒಎಲ್‌ನವರು ಯಂತ್ರಗಳನ್ನು ಪರೀಕ್ಷೆಗೆ ಇಳಿಸುವುದು ಇಡುಕ್ಕಿ ಡ್ಯಾಮಿನ ಹಿನ್ನೀರಿನಲ್ಲಿ, ಕುಳಮಾವು ಎಂಬಲ್ಲಿ. ಕಡಲಿನ ಯಂತ್ರಕ್ಕೆ ಡ್ಯಾಮಿನ ನೀರೇ ಪರೀಕ್ಷೆಯ ಕೋಣೆ. ಸಿಗಡಿಯಿಲ್ಲ, ಹಡಗಿಲ್ಲ, ಅಲೆಯಿಲ್ಲ.

ಕರ್ನಾಟಕದ ಕರಾವಳಿಯ ಒಂದು ವರ್ಷವನ್ನು ಈ ಕಣ್ಣಿನಿಂದ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ, ತದಡಿಯ ಟ್ರಾಲರುಗಳು ದಕ್ಕೆಯಲ್ಲಿ ಕಟ್ಟಿಹಾಕಿರುತ್ತವೆ. ಅದೇ ಹೊತ್ತಿಗೆ ಮುಂಗಾರು ಬಂದು ಗಾಳಿ, ಅಲೆ, ಮಳೆ ಕಡಲನ್ನು ಮೇಲಿಂದ ಜಡಿಯುತ್ತವೆ. ಮೇ ತಿಂಗಳ ಸದ್ದು ಅಡ್ಡಡ್ಡ ಬಂದದ್ದು, ಜೂನಿನದು ನೆತ್ತಿಯಿಂದ ಇಳಿದದ್ದು. ಒಂದೇ ಹೈಡ್ರೋಫೋನ್ ಇಟ್ಟು ಒಟ್ಟು ಅಳೆದರೆ ಒಂದು ಇಳಿದು ಇನ್ನೊಂದು ಏರಿ ಮುಳ್ಳು ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಲಬಹುದು. ಸದ್ದು ಅಷ್ಟೇ, ಆದರೆ ಕಡಲು ಬೇರೆ. ಮುಂಗಾರಿನ ಸದ್ದಿಗೆ ಮೀನು ಲಕ್ಷಾಂತರ ವರ್ಷಗಳಿಂದ ಒಗ್ಗಿಕೊಂಡಿದೆ. ಅಡ್ಡ ಬರುವ ಎಂಜಿನ್ನಿನ ಸದ್ದು ತೀರ ಈಚಿನದು, ಮತ್ತು ಅದು ಬರುವುದು ಸಂಗಾತಿಯ ಕೂಗು ಬರುವ ದಿಕ್ಕಿನಿಂದಲೇ.

ಕೂಗುವವರು ಇದ್ದಾರೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮತ್ತು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ (ಎನ್ಐಒಟಿ) ವಿಜ್ಞಾನಿಗಳು ಗೋವಾದ ಗ್ರಾಂಡ್ ದ್ವೀಪದ ಬಳಿ, ಆಳವಿಲ್ಲದ ನೀರಿನಲ್ಲಿ, ಗೂನುಬೆನ್ನಿನ ತಿಮಿಂಗಿಲದ ಹಾಡನ್ನು ಹಿಡಿದಿದ್ದಾರೆ. ಅರಬ್ಬಿ ಸಮುದ್ರದ ಈ ತಿಮಿಂಗಿಲಗಳು ಬೇರೆ ಸಾಗರದ ನೆಂಟರಂತೆ ವಲಸೆ ಹೋಗುವುದಿಲ್ಲ, ಉಳಿದಿರುವುದೂ ತೀರ ಕಡಿಮೆ. ಗ್ರಾಂಡ್ ದ್ವೀಪದ ಮಗ್ಗುಲಲ್ಲೇ ಮುರಗಾಂವ್ ಬಂದರು. ಹೊಸಪೇಟೆಯಿಂದ ಹುಬ್ಬಳ್ಳಿ, ಲೋಂಡಾ ಹಾದು ಹೋಗುವ ಗೂಡ್ಸ್ ರೈಲಿನ ಹಳಿ ಮುಗಿಯುವುದು ಅಲ್ಲಿ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಬಹಳ ತಗ್ಗಿತು. ನೀರೊಳಗಿನ ಸದ್ದು 6 ಡೆಸಿಬಲ್ ಇಳಿಯಿತು, ಇಳಿದದ್ದು ಮುಖ್ಯವಾಗಿ 150 ಹರ್ಟ್ಸ್‌ಗಿಂತ ಕೆಳಗೆ. ಅಲ್ಲಿನ ರೈಟ್ ತಿಮಿಂಗಿಲಗಳ ಮಲ ಪರೀಕ್ಷಿಸಿದವರಿಗೆ ಒತ್ತಡದ ಹಾರ್ಮೋನೂ ಇಳಿದದ್ದು ಕಂಡಿತು. 2012ರಲ್ಲಿ ಪ್ರಕಟವಾದ ಈ ಸಂಗತಿ ಓದುವಾಗ ನನಗೆ ನೆನಪಾದದ್ದು 2010ರ ಬೇಲೆಕೇರಿ. ಸಂಡೂರಿನ ಲಾರಿ ನಿಂತ ಮೇಲೆ ಅಲ್ಲಿ ಬಾರ್ಜೂ ನಿಂತಿತು. ಕಡಲಿನ ಒಟ್ಟು ಸದ್ದು ಎಷ್ಟು ಇಳಿಯಿತು ಎನ್ನುವುದಕ್ಕಿಂತ, ಆ ಒಂದು ದಿಕ್ಕು ಮೌನವಾಯಿತು ಎನ್ನುವುದು ಅಲ್ಲಿನ ಡಾಲ್ಫಿನ್ನಿಗೆ ಹೆಚ್ಚಿನ ಸುದ್ದಿ.

ಹೊಳೆಗೆ ಬರೋಣ. ಈ ವಿದ್ಯೆಯಿಂದ ಕಂಪ್ಲಿಗೆ ನೇರವಾಗಿ ಆಗಬೇಕಾದ ಕೆಲಸ ಒಂದಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ನೀರುನಾಯಿಗೆ ಇಲ್ಲಿ ದೊಡ್ಡ ಶತ್ರು ಸಿಡಿಮದ್ದು ಹಾಕಿ ಮೀನು ಹಿಡಿಯುವವರು. ಕ್ವಾರಿ, ಮೈನ್ಸು ಇರುವ ಸೀಮೆಯಲ್ಲಿ ಮದ್ದು ಕೈಗೆ ಸಿಗುವುದು ಕಷ್ಟವಲ್ಲ. ಸಿಡಿತದ ಒತ್ತಡದ ಅಲೆಗೆ ಮೀನಿನ ಗಾಳಿಚೀಲ ಒಡೆಯುತ್ತದೆ. ತೇಲಿದ್ದನ್ನು ಬಾಚಿಕೊಳ್ಳುತ್ತಾರೆ, ಮುಳುಗಿದ್ದು ತಳದಲ್ಲೇ ಕೊಳೆಯುತ್ತದೆ. ಮರಿಮೀನು, ಆಮೆ, ನೀರುನಾಯಿ ಲೆಕ್ಕಕ್ಕಿಲ್ಲ.

ಇಂಥ ಸಿಡಿತವನ್ನು ದಂಡೆಯಲ್ಲಿ ನಿಂತು ಹಿಡಿಯುವುದು ಕಷ್ಟ. ಬಂಡೆಗಳ ನಡುವೆ ಪ್ರತಿಧ್ವನಿ ಎದ್ದು ದಿಕ್ಕು ತಪ್ಪಿಸುತ್ತದೆ. ಗಾರ್ಡು ಬೈಕು ತಿರುಗಿಸುವಷ್ಟರಲ್ಲಿ ಹರಿಗೋಲು ಆಚೆ ದಂಡೆ ಸೇರಿರುತ್ತದೆ. ನೀರೊಳಗೆ ಲೆಕ್ಕ ಬೇರೆ. ಹಂಪಿ ಸುತ್ತಲಿನ ಹೊಳೆಯ ತಳ ಗಟ್ಟಿ ಗ್ರಾನೈಟು, 1500ನ್ನು ಆಳದ ನಾಲ್ಕರಷ್ಟರಿಂದ ಭಾಗಿಸುವ ಲೆಕ್ಕ ಇಲ್ಲಿ ಕಡಲಿಗಿಂತ ಚೆನ್ನಾಗಿ ಒಪ್ಪುತ್ತದೆ. ಎರಡು ಮೀಟರ್ ಆಳದ ನೀರಿನಲ್ಲಿ ಸುಮಾರು 190 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಹತ್ತಿರದಲ್ಲೇ ಅಡಗುತ್ತದೆ. ಸಿಡಿತದ ಗುಡುಗು ದೂರ ಹೋಗುವುದಿಲ್ಲ, ಚಟ್ಟನೆಯ ತಾರಸ್ವರ ಹೋಗುತ್ತದೆ. ಹೈಡ್ರೋಫೋನಿಗೆ ಮಂದ್ರವನ್ನು ಸೋಸಿ ತಾರವನ್ನಷ್ಟೇ ಕೇಳಿಸಿದರೆ ಪಂಪ್‌ಸೆಟ್ಟಿನ ಗುಂಯ್ಗುಡುವಿಕೆಯ ಬಹುಪಾಲು ತಾನಾಗಿ ಹೊರಗುಳಿಯುತ್ತದೆ.

ಇನ್ನು ದಿಕ್ಕು. ಒಂದೇ ಮಡುವಿನಲ್ಲಿ 300 ಮೀಟರ್ ಅಂತರದಲ್ಲಿ ಎರಡು ಹೈಡ್ರೋಫೋನು ಇಟ್ಟರೆ, ಎರಡರ ಆಚೆಗೆ ಆದ ಸಿಡಿತ ಒಂದಕ್ಕೆ ಮುಟ್ಟಿದ 0.2 ಸೆಕೆಂಡಿಗೆ ಇನ್ನೊಂದಕ್ಕೆ ಮುಟ್ಟುತ್ತದೆ. ಯಾವುದಕ್ಕೆ ಮೊದಲು ಎಂದು ನೋಡಿದರೆ ಸಾಕು, ಮೇಲ್ಹೊಳೆಯೋ ಕೆಳಹೊಳೆಯೋ ಗೊತ್ತಾಗುತ್ತದೆ. ತಡ 0.2ಕ್ಕಿಂತ ಕಡಿಮೆಯಿದ್ದರೆ ಸಿಡಿತ ಎರಡರ ನಡುವೆಯೇ ಆಗಿದೆ, ಎಷ್ಟು ಕಡಿಮೆ ಎನ್ನುವುದರಿಂದ ಜಾಗವೂ ಸಿಗುತ್ತದೆ. ಕಡಲಿನವರಂತೆ 67 ಮೀಟರಿನ ಸಾಲು ಬೇಕಾಗಿಲ್ಲ. ಹೊಳೆಗೆ ಇರುವುದು ಎರಡೇ ದಿಕ್ಕು. ಅಡ್ಡಿಯೆಂದರೆ ಹರಿವು ಕಲ್ಲುಗಳ ಮೇಲೆ ನೊರೆಯೇಳುವ ಜಾಗಗಳು. ಗುಳ್ಳೆ ಸದ್ದು ಮಾಡುವಷ್ಟೇ ಚೆನ್ನಾಗಿ ಸದ್ದನ್ನು ನುಂಗುತ್ತದೆ ಕೂಡ, ನೊರೆಯ ಆಚೆಗಿನ ಸಿಡಿತ ಈಚೆಗೆ ಕೇಳಿಸದು. ಹಾಗಾಗಿ ಮಡುವಿಗೊಂದು ಜೋಡಿ ಬೇಕು. ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗುವ ದಿನಗಳಲ್ಲಿ ಇಡೀ ಹೊಳೆಯೇ ನೊರೆ, ಆಗ ಯಾವ ಜೋಡಿಯೂ ಕೆಲಸಕ್ಕೆ ಬಾರದು. ಆದರೆ ಆಗ ಮದ್ದು ಹಾಕುವವರೂ ಹೊಳೆಗೆ ಇಳಿಯುವುದಿಲ್ಲ. ಅವರ ಕಾಲ ಜನವರಿಯಿಂದ ಮೇ, ಮಡುಗಳು ನಿಂತು ತಿಳಿಯಾದಾಗ. ಹೈಡ್ರೋಫೋನು ಚೆನ್ನಾಗಿ ಕೇಳುವುದೂ ಅದೇ ತಿಂಗಳುಗಳಲ್ಲಿ.